ಕೇಳ್ರಿ, ಹೇಳ್ತೀನಿ: ಯಾವ ಜಾರ್ ಹಿಡಿಯಬೇಕು?

ಹೋದ ಸಲ ಈ ಅಂಕಣದ ಕೊನೆಗೆ "ಜಾವಾ ಕಲಿಯುತ್ತಿರುವವರು ಏನಾದರೂ ಕೇಳುವುದಿದ್ದರೆ ಬರೆಯಿರಿ" ಅಂತ ಒಂದು ಸಾಲು ಹಾಕಿದ್ದೆ. ಬಂದ ಪತ್ರಗಳನ್ನು ಟೇಬಲ್ ಮೇಲೆ ಹರಡಿ ನೋಡಿದರೆ ಮುಕ್ಕಾಲು ಪಾಲು ಒಂದೇ ಮಾತು. ಲೈಬ್ರರಿ ಯಾವುದು, ಎಲ್ಲಿ ಸಿಗುತ್ತದೆ, ಸಿಕ್ಕಿದ್ದು ಸರಿಯೋ ಅಲ್ಲವೋ ತಿಳಿಯುವುದು ಹೇಗೆ? ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಬರುವ ಫೈಲಿಗೆ ಜಾರ್ ಅನ್ನುತ್ತಾರೆ. ಐದು ಪತ್ರ ಆರಿಸಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಕೋಣೆ ಹಿಡಿದು, ಅಂಗಡಿಗಳಿಗೆ, ಉದ್ಯಮಬಾಗದ ಸಣ್ಣ ಫೌಂಡ್ರಿಗಳಿಗೆ ಸ್ಟಾಕು, ಬಿಲ್ಲು, ಪಗಾರದ ಸಾಫ್ಟ್‌ವೇರ್ ಬರೆದುಕೊಡುವವಳು. ದೊಡ್ಡ ಕಂಪನಿಯಲ್ಲಿ ಕೂತವರು ಬೇರೆ ಹೇಳಬಹುದು. ನನ್ನ ಗಿರಾಕಿ ಮಾತ್ರ ಸಾಫ್ಟ್‌ವೇರ್ ನಿಂತರೆ ನೇರ ನನ್ನ ಬಾಗಿಲಿಗೇ ಬರುತ್ತಾನೆ. ಅದಕ್ಕೇ ನನ್ನ ಉತ್ತರಗಳಲ್ಲಿ ಸ್ವಲ್ಪ ಹೆದರಿಕೆ ಜಾಸ್ತಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಬಿಸಿಎ ಐದನೇ ಸೆಮಿಸ್ಟರ್. ಪ್ರಾಜೆಕ್ಟಿಗೆ ಎಕ್ಸೆಲ್ ಫೈಲಿನಿಂದ ವಿದ್ಯಾರ್ಥಿಗಳ ಹೆಸರು, ಮೊಬೈಲ್ ನಂಬರ್, ಅಂಕ ಓದಬೇಕು. ಹುಡುಕಿದರೆ ಹತ್ತು ಲೈಬ್ರರಿ ಹೆಸರು ಬರುತ್ತವೆ. ಗೆಳೆಯ ಪೆನ್‌ಡ್ರೈವ್‌ನಲ್ಲಿ ಅಪಾಚೆ ಪಿಒಐನ ಎರಡು ಜಾರ್ ಕೊಟ್ಟ. ಹಾಕಿದೆ, ಕಂಪೈಲ್ ಆಯಿತು. ರನ್ ಮಾಡಿದರೆ 'ನೋಕ್ಲಾಸ್‌ಡೆಫ್‌ಫೌಂಡ್‌ಎರರ್', ಮುಂದೆ ಎಕ್ಸ್‌ಎಂಎಲ್‌ಬೀನ್ಸ್ ಅಂತ ಏನೋ ಬಂತು. ಅದನ್ನೂ ತಂದು ಹಾಕಿದೆ, ಮತ್ತೊಂದು ಎರರ್. ಈಗ ಲಿಬ್ ಫೋಲ್ಡರಿನಲ್ಲಿ ಹನ್ನೊಂದು ಜಾರ್ ಇವೆ, ಪ್ರೋಗ್ರಾಮ್ ಮಾತ್ರ ಓಡುವುದಿಲ್ಲ. ಸರಿಯಾದ ಲೈಬ್ರರಿ ಯಾವುದು ಅಂತ ಮೊದಲೇ ತಿಳಿಯುವುದು ಹೇಗೆ?
(ಒಬ್ಬ ವಿದ್ಯಾರ್ಥಿ, ಜಮಖಂಡಿ)

ಉತ್ತರ: ತಮ್ಮಾ, ನಿನ್ನ ಗೆಳೆಯ ಕೊಟ್ಟ ಲೈಬ್ರರಿ ತಪ್ಪಲ್ಲ. ಜಾವಾದಲ್ಲಿ ಎಕ್ಸೆಲ್ ಓದಬೇಕಾದರೆ ನಾನೂ ಅದನ್ನೇ ಹಿಡಿಯುತ್ತೇನೆ. ಅವನು ಮಾಡಿದ್ದೇನು ಅಂದರೆ, ಮದುಮಗನನ್ನಷ್ಟೇ ಕರೆತಂದು ಬೀಗರನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟುಬಂದಿದ್ದಾನೆ.

ಹಳೆಯ ಎಕ್ಸ್‌ಎಲ್‌ಎಸ್ ಫೈಲಿಗೆ ಪಿಒಐನ ಮೂಲ ಜಾರ್ ಸಾಕು. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನ ಕಥೆ ಬೇರೆ. ಅದು ಒಳಗೆ ಎಕ್ಸ್‌ಎಂಎಲ್ ಫೈಲುಗಳನ್ನು ತುಂಬಿ ಜಿಪ್ ಮಾಡಿದ ಗಂಟು. ಬೇಕಾದರೆ ಒಂದು ಫೈಲನ್ನು ಕಾಪಿ ಮಾಡಿ, ಹೆಸರಿನ ಬಾಲ ಬದಲಿಸಿ ಜಿಪ್ ಅಂತ ಇಟ್ಟು ತೆರೆದು ನೋಡು. ಶೀಟುಗಳೆಲ್ಲ ಒಳಗೆ ಬೇರೆ ಬೇರೆ ಫೈಲಾಗಿ ಕೂತಿರುತ್ತವೆ. ಈ ಗಂಟು ಬಿಚ್ಚಲು ಒಂದು ಲೈಬ್ರರಿ, ಎಕ್ಸ್‌ಎಂಎಲ್ ಓದಲು ಇನ್ನೊಂದು ಬೇಕು. ಕಂಪೈಲರ್ ನೀನು ಬರೆದ ಸಾಲುಗಳನ್ನು ನೋಡಿ ಸರಿ ಅಂದಿತು. ಓಡುವಾಗ ಪಿಒಐ ತನ್ನ ನೆಂಟರನ್ನು ಕರೆಯಿತು. ಅವರು ಮನೆಯಲ್ಲೇ ಇಲ್ಲ.

ಇದನ್ನೆಲ್ಲ ಕೈಯಿಂದ ಕೂಡಿಸಲು ಹೋಗಬೇಡ. ಲೈಬ್ರರಿಗಳನ್ನು ತಂದು ಕೂಡಿಸುವ ಮೇವನ್ ಅನ್ನುವ ಸಾಧನ ಕಲಿ, ಒಂದು ಮಧ್ಯಾಹ್ನದ ಕೆಲಸ. ಅದರಲ್ಲಿ ಪ್ರತಿ ಲೈಬ್ರರಿಗೂ ಮೂರು ತುಂಡಿನ ವಿಳಾಸ: ಗ್ರೂಪ್, ಆರ್ಟಿಫ್ಯಾಕ್ಟ್, ವರ್ಷನ್. ಊರು, ಓಣಿ, ಮನೆ ನಂಬರ್ ಇದ್ದಂತೆ. 'ಪೋಮ್ ಎಕ್ಸ್‌ಎಂಎಲ್' ಅನ್ನುವ ಫೈಲಿನಲ್ಲಿ ಆ ವಿಳಾಸ ಬರೆದರೆ, ಮೇವನ್ ಸೆಂಟ್ರಲ್ ಅನ್ನುವ ಉಗ್ರಾಣದಿಂದ ಲೈಬ್ರರಿಯನ್ನೂ ಅದರ ಬಳಗವನ್ನೂ ತಾನೇ ತರುತ್ತದೆ. ನೀನು ಎಕ್ಸ್‌ಎಲ್‌ಎಸ್‌ಎಕ್ಸ್ ಓದುವ 'ಪಿಒಐ-ಓಓಎಕ್ಸ್‌ಎಂಎಲ್' ಒಂದರ ವಿಳಾಸ ಬರೆದರೆ ಸಾಕು. ತಂದಿದ್ದೆಲ್ಲ ನಿನ್ನ ಹೋಮ್ ಫೋಲ್ಡರಿನ 'ಡಾಟ್ ಎಂ2' ಒಳಗೆ ಉಳಿಯುತ್ತದೆ. ಅಂದರೆ ಒಮ್ಮೆ ನೆಟ್ ಇರುವ ಕಡೆ ಕೂತು ಬಿಲ್ಡ್ ಮಾಡಿಕೊಂಡರೆ, ಆಮೇಲೆ ಹಾಸ್ಟೆಲ್ಲಿನಲ್ಲಿ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಯಾರು ಯಾರನ್ನು ಕರೆತಂದರು ಅಂತ ನೋಡಬೇಕಾದರೆ 'ಎಂವಿಎನ್ ಡಿಪೆಂಡೆನ್ಸಿ:ಟ್ರೀ' ಅಂತ ಹೊಡೆ. ಪೂರ್ತಿ ವಂಶಾವಳಿ ಬರುತ್ತದೆ.

ಆ ಹನ್ನೊಂದು ಜಾರ್ ಇರುವ ಫೋಲ್ಡರನ್ನು ಈಗಲೇ ಅಳಿಸು. ಯಾಕೆ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ ಅಂದರೆ, 2009ರಲ್ಲಿ ನಾನೂ ಹೀಗೇ ಪೆನ್‌ಡ್ರೈವ್ ಹಿಡಿದು ಓಡಾಡಿದವಳು. ಒಂದು ಫೌಂಡ್ರಿಗೆ ಪಗಾರದ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಲಿಬ್ ಫೋಲ್ಡರಿನಲ್ಲಿ ಒಂದೇ ಲೈಬ್ರರಿಯ ಎರಡು ವರ್ಷನ್ ಸೇರಿಕೊಂಡಿದ್ದವು, ನನಗೆ ಗೊತ್ತೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಜಾವಾ ಹೊಸದನ್ನು ಮೊದಲು ಎತ್ತಿಕೊಳ್ಳುತ್ತಿತ್ತು. ಅವರ ಕಂಪ್ಯೂಟರಿನಲ್ಲಿ ಹಳೆಯದನ್ನು. ಫೋಲ್ಡರಿಗೆ ನಕ್ಷತ್ರ ಗುರುತು ಹಾಕಿ ಕ್ಲಾಸ್‌ಪಾತ್ (ಜಾವಾ ಜಾರ್ ಹುಡುಕುವ ದಾರಿ) ಕೊಟ್ಟರೆ ಯಾವ ಜಾರ್ ಮೊದಲು ಅನ್ನುವುದಕ್ಕೆ ಖಾತ್ರಿ ಇಲ್ಲ. ಪಗಾರದ ದಿನ ಸಂಜೆ 'ನೋಸಚ್‌ಮೆಥಡ್‌ಎರರ್'. ಗೇಟಿನ ಹತ್ತಿರ ನಲವತ್ತು ಜನ ನಿಂತಿದ್ದರು. ಮ್ಯಾನೇಜರ್ ಬೈಯಲಿಲ್ಲ. "ಬಾಯಾರ, ಚಹಾ ಕುಡೀತೀರೇನು?" ಅಂತ ಕೇಳಿದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಈಗ ನಿನ್ನ ನಿಜವಾದ ಪ್ರಶ್ನೆ. ಮೊದಲೇ ತಿಳಿಯುವುದು ಹೇಗೆ?

ಹುಡುಕುವ ಮುಂಚೆ ನಿನಗೆ ಬೇಕಾದ್ದನ್ನು ಕನ್ನಡದಲ್ಲೇ ಒಂದು ಸಾಲು ಬರೆ. "ಎಕ್ಸೆಲ್‌ಗೆ ಲೈಬ್ರರಿ ಬೇಕು" ಅಂತ ಅಲ್ಲ. "60 ಸಾಲಿನ ಒಂದು ಶೀಟನ್ನು ಸೆಮಿಸ್ಟರಿಗೆ ಎರಡು ಸಲ ಓದಬೇಕು, ವಾಪಸ್ ಬರೆಯುವುದು ಬೇಡ" ಅಂತ. ಹೀಗೆ ಬರೆದ ಕೂಡಲೇ ಅರ್ಧ ಜನಕ್ಕೆ ಬೇರೆಯದೇ ಹೊಳೆಯುತ್ತದೆ: ಆ ಶೀಟನ್ನು ಸಿಎಸ್‌ವಿ (ನಡುವೆ ಕಾಮಾ ಹಾಕಿದ ಸಾದಾ ಅಕ್ಷರದ ಫೈಲು) ಮಾಡಿ ಕೊಡಿ ಅಂತ ಕೇಳಿದರೆ ಆಗುವುದಿಲ್ವಾ? ಆಗುವುದಾದರೆ ಪಿಒಐ ಯಾಕೆ, ಅಪಾಚೆ ಕಾಮನ್ಸ್ ಸಿಎಸ್‌ವಿ ಸಾಕು, ಸಣ್ಣ ಲೈಬ್ರರಿ. ಆದರೆ ಅದೂ ಬೇಡ, ಕಾಮಾ ಕಂಡಲ್ಲಿ ಕತ್ತರಿಸುತ್ತೇನೆ ಅಂತ 'ಸ್ಪ್ಲಿಟ್' ಬರೆಯಬೇಡ. "ಮನೆ ನಂ. 4, ನವನಗರ" ಅನ್ನುವ ವಿಳಾಸ ಬಂದ ದಿನ ಅಂಕದ ಜಾಗದಲ್ಲಿ ನವನಗರ ಕೂತಿರುತ್ತದೆ.

ಎಕ್ಸೆಲ್ಲೇ ಬೇಕು ಅಂತಾದರೆ ಮೇವನ್ ಸೆಂಟ್ರಲ್‌ನಲ್ಲಿ ಹೆಸರು ಹುಡುಕಿ, ವರ್ಷನ್‌ಗಳ ಪಟ್ಟಿಯಲ್ಲಿ ತಾರೀಖು ನೋಡು. ಹಳೆಯ ಕಾಲೇಜು ನೋಟ್ಸುಗಳಲ್ಲಿ 'ಜೆಎಕ್ಸ್‌ಎಲ್' ಅಂತ ಒಂದು ಇರುತ್ತದೆ. ವರ್ಷಗಳಿಂದ ಅದಕ್ಕೆ ಹೊಸ ವರ್ಷನ್ ಇಲ್ಲ, ಎಕ್ಸ್‌ಎಲ್‌ಎಸ್‌ಎಕ್ಸ್ ಓದಲು ಅದಕ್ಕೆ ಬರುವುದೂ ಇಲ್ಲ. ಹಾಗಂತ ಹಳೆಯದೆಲ್ಲ ಸತ್ತಿದೆ ಅಂತಲ್ಲ. ಕೆಲಸ ಮುಗಿಸಿ ಸುಮ್ನೆ ಕೂತಿರುವ ಒಳ್ಳೆಯ ಲೈಬ್ರರಿಗಳೂ ಇವೆ. ಅದು ಮುಟ್ಟುವ ಫೈಲಿನ ಬಗೆ ಬದಲಾಗಿದೆಯೋ ಇಲ್ಲವೋ ಅನ್ನುವುದು ಮುಖ್ಯ.

ಆಮೇಲೆ ಪರೀಕ್ಷೆ. ನಮ್ಮಪ್ಪ ಶಹಾಪುರದಲ್ಲಿ ಮಗ್ಗ ಇಟ್ಟವರು. ನೂಲು ಕೊಳ್ಳುವಾಗ ಅಂಗಡಿಯವನು ತೋರಿಸಿದ ಎಳೆಯನ್ನು ಮುಟ್ಟುತ್ತಿರಲಿಲ್ಲ. ಲಡಿಯ ಒಳಗೆ ಬೆರಳು ಹಾಕಿ, ತಮಗೆ ಬೇಕಾದ ಒಂದು ಎಳೆ ಹೊರಗೆಳೆದು, ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದರು. ಲೈಬ್ರರಿಯವರು ಕೊಟ್ಟ ಉದಾಹರಣೆ ಯಾವಾಗಲೂ ಓಡುತ್ತದೆ. ನೀನು ನಿನ್ನದೇ ಫೈಲಿನಲ್ಲಿ ಕೆಟ್ಟ ಸಾಲುಗಳನ್ನು ಆರಿಸಿ ಜಗ್ಗಿ ನೋಡು. ಒಂದು ಖಾಲಿ ಸೆಲ್, ಒಂದು ಕನ್ನಡದ ಹೆಸರು, ಒಂದು ಮೊಬೈಲ್ ನಂಬರ್. ಪಿಒಐನಲ್ಲಿ ಖಾಲಿ ಸೆಲ್ ಕೇಳಿದರೆ 'ನಲ್' (ಏನೂ ಇಲ್ಲ) ಬರಬಹುದು. ಮೊಬೈಲ್ ನಂಬರನ್ನು ಅಂಕಿ ಅಂತ ಓದಿದರೆ 'ಡಬಲ್' (ದಶಮಾಂಶದ ಅಂಕಿ) ಆಗಿ ಬರುತ್ತದೆ, ಪ್ರಿಂಟ್ ಮಾಡಿದರೆ ನಡುವೆ ಚುಕ್ಕಿ, ಕೊನೆಗೆ 'ಇ9' ಅಂತ ಕಾಣುತ್ತದೆ. ನನಗೆ ಮೊದಲ ಸಲ ಹಾಗೆ ಬಂದಾಗ ಫೈಲೇ ಕೆಟ್ಟಿದೆ ಅಂದುಕೊಂಡಿದ್ದೆ. ಪಿಒಐನ ಒಳಗೇ 'ಡೇಟಾಫಾರ್ಮ್ಯಾಟರ್' ಅನ್ನುವ ಕ್ಲಾಸ್ ಇದೆ. ಸೆಲ್ ಅದರ ಕೈಗೆ ಕೊಟ್ಟರೆ ಎಕ್ಸೆಲ್‌ನಲ್ಲಿ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಅಕ್ಷರವಾಗಿ ಕೊಡುತ್ತದೆ.

ಇನ್ನೆರಡು ಮಾತು. ಪಿಒಐ ಓಡಿದಾಗ, ಪ್ರೋಗ್ರಾಮ್ ಏನು ಮಾಡಿತು ಅಂತ ಬರೆದಿಡುವ 'ಲಾಗ್4ಜೆ' ಲೈಬ್ರರಿಗೆ ಲಾಗಿಂಗ್ ವ್ಯವಸ್ಥೆ ಸಿಗಲಿಲ್ಲ ಅಂತ ಒಂದು ಸಂದೇಶ ಬರಬಹುದು. ಅದರಿಂದ ನಿನ್ನ ಕೆಲಸ ನಿಲ್ಲುವುದಿಲ್ಲ. ಹೆಸರು ಕೇಳಿ ಕೆಲವರು ಬೆಚ್ಚಿಬೀಳುತ್ತಾರೆ, 2021ರ ಡಿಸೆಂಬರಿನಲ್ಲಿ ಜಗತ್ತೆಲ್ಲ ಎದ್ದು ಕೂತದ್ದು ಈ ಲಾಗ್4ಜೆಯಿಂದಲೇ. ಭದ್ರತೆಯ ತೂತು ಇದ್ದದ್ದು ಅದರ 'ಕೋರ್' ಜಾರ್‌ನಲ್ಲಿ, ಪಿಒಐ ತರುವುದು 'ಎಪಿಐ' ಜಾರ್ ಮಾತ್ರ. ಆ ವಾರ ನಾನು ಪ್ರತಿ ಗಿರಾಕಿಯ ವಂಶಾವಳಿ ತೆಗೆದು ನೋಡಿದೆ. ನಾನು ಹಾಕಿಯೇ ಇಲ್ಲ ಅಂತ ಆಣೆ ಮಾಡಬಹುದಾಗಿದ್ದ ಎರಡು ಪ್ರೋಗ್ರಾಮುಗಳಲ್ಲಿ ಕೋರ್ ಜಾರ್ ಇತ್ತು, ಬೇರೆ ಲೈಬ್ರರಿಯ ಬೆನ್ನು ಹತ್ತಿ ಬಂದಿತ್ತು.

ಎರಡನೆಯದು, ಚಾಟ್‌ಬಾಟ್ ಕೇಳಿ ಲೈಬ್ರರಿ ಹುಡುಕುವುದು. ಕೇಳು, ತಪ್ಪಲ್ಲ, ನಾನೂ ಕೇಳುತ್ತೇನೆ. ಆದರೆ ಅದು ಇಲ್ಲದ ಲೈಬ್ರರಿಯ ವಿಳಾಸವನ್ನೂ ಇರುವಂತೆಯೇ ಹೇಳಿಬಿಡುತ್ತದೆ. ಅದು ಕೊಟ್ಟ ಗ್ರೂಪ್ ಹೆಸರನ್ನು ಮೇವನ್ ಸೆಂಟ್ರಲ್‌ನಲ್ಲಿ ಕಣ್ಣಾರೆ ನೋಡದೆ ಪೋಮ್‌ಗೆ ಅಂಟಿಸಬೇಡ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಸೀರೆ ಅಂಗಡಿ. ಮಗ್ಗುಲ ಮನೆಯ ಹುಡುಗನ ಹತ್ತಿರ ಜಾವಾ ಕಲಿತು ನಮ್ಮ ಅಂಗಡಿಯ ಬಿಲ್ಲನ್ನು ನಾನೇ ಬರೆದುಕೊಳ್ಳುತ್ತಿದ್ದೇನೆ. ಎರಡು ತೊಂದರೆ. ಒಂದು, 1234567 ರೂಪಾಯಿ 1,234,567 ಅಂತ ಬರುತ್ತದೆ. ನಮ್ಮ ತಂದೆಯವರು ಒಪ್ಪುವುದಿಲ್ಲ, ಲಕ್ಷದ ಕಾಮಾ ಬೇಕು ಅನ್ನುತ್ತಾರೆ. ಎರಡು, ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತದೆ. ಯಾವ ಲೈಬ್ರರಿ ಹಾಕಲಿ?
(ವಡಗಾವಿ, ಬೆಳಗಾವಿ)

ಉತ್ತರ: ನಿಮ್ಮ ತಂದೆಯವರು ಹೇಳಿದ್ದೇ ಸರಿ. 12,34,567 ಅಂತ ಬರದ ಬಿಲ್ಲನ್ನು ನಮ್ಮ ಪೇಟೆಯಲ್ಲಿ ಯಾರೂ ಎರಡು ಸಲ ಓದದೆ ಬಿಡುವುದಿಲ್ಲ.

ನೀವು ಅಂಕಿಗೆ ರೂಪ ಕೊಡುವ ಜಾವಾದ 'ಡೆಸಿಮಲ್‌ಫಾರ್ಮ್ಯಾಟ್'ನಲ್ಲಿ ಕಾಮಾಗಳನ್ನು ಎರಡೆರಡು ಅಂಕಿಗೆ ಇಟ್ಟು ನೋಡಿರಬೇಕು ಅಲ್ವಾ? ಎಲ್ಲರೂ ನೋಡುತ್ತಾರೆ. ಅದು ಕೊನೆಯ ಕಾಮಾದಿಂದ ಆಚೆಗೆ ಎಷ್ಟು ಅಂಕಿ ಇವೆ ಅಂತ ಮಾತ್ರ ಎಣಿಸುತ್ತದೆ, ಉಳಿದ ಕಾಮಾಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಗಂತ ಅದರ ಕೈಪಿಡಿಯಲ್ಲೇ ಬರೆದಿದೆ. ಲೊಕೇಲ್ (ಯಾವ ದೇಶದ ಪದ್ಧತಿ ಅನ್ನುವುದು) ಭಾರತ ಅಂತ ಕೊಟ್ಟರೂ ಅದು ಮೂರು ಮೂರೇ.

ಇದಕ್ಕೆ ಲೈಬ್ರರಿ ಇದೆ, ಐಸಿಯು4ಜೆ. ಆಸ್ಪತ್ರೆಯ ಐಸಿಯು ಅಲ್ಲ, ಯೂನಿಕೋಡ್ ಕೆಲಸಗಳ ದೊಡ್ಡ ಪೆಟ್ಟಿಗೆ. ಅದರ ನಂಬರ್ ಫಾರ್ಮ್ಯಾಟ್‌ಗೆ ಲಕ್ಷ, ಕೋಟಿ ಚೆನ್ನಾಗಿ ಗೊತ್ತು. ಆದರೆ ಜಾರ್ 10 ಎಂಬಿಗಿಂತ ದೊಡ್ಡದು. ಒಂದು ಕಾಮಾಗೆ ಅಷ್ಟು ದೊಡ್ಡ ಪೆಟ್ಟಿಗೆ ಹೊತ್ತು ತರುವುದು ನನಗೆ ಮನಸ್ಸಿಗೆ ಬರುವುದಿಲ್ಲ. ನೀವೇ ಬರೆಯಿರಿ. ಅಂಕಿಯನ್ನು ಅಕ್ಷರ ಮಾಡಿಕೊಳ್ಳಿ. ಕೊನೆಯ ಮೂರನ್ನು ಎತ್ತಿಡಿ: 567. ಉಳಿದದ್ದು 1234. ಅದಕ್ಕೆ ಬಲಗಡೆಯಿಂದ ಎರಡೆರಡಕ್ಕೆ ಕಾಮಾ: 12,34. ಎರಡನ್ನೂ ಜೋಡಿಸಿ. ಮೂರೇ ಅಂಕಿ ಇದ್ದಾಗ, ಮೊತ್ತ ಮೈನಸ್ ಇದ್ದಾಗ ಏನಾಗುತ್ತದೆ ಅಂತ ನೋಡಿಕೊಳ್ಳಿ. ಹತ್ತು ಹದಿನೈದು ಸಾಲು. ಮುಂದೆ ಕನ್ನಡದ ಅಕಾರಾದಿ, ಬೇರೆ ದೇಶಗಳ ನಾಣ್ಯ ಅಂತೆಲ್ಲ ಬಂದರೆ ಆಗ ಐಸಿಯು4ಜೆ ತನ್ನಿ.

ಹಾಂ, ದುಡ್ಡನ್ನು 'ಡಬಲ್'ನಲ್ಲಿ ಇಟ್ಟಿದ್ದರೆ ಇವತ್ತೇ ಬದಲಿಸಿ. ಅದರಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಜಾವಾದ ಒಳಗೇ ಇರುವ 'ಬಿಗ್‌ಡೆಸಿಮಲ್' ಬಳಸಿ, ಅಂಕಿಯನ್ನು ಉದ್ಧರಣ ಚಿಹ್ನೆಯ ಒಳಗೆ ಅಕ್ಷರವಾಗಿ ಕೊಡಿ.

ಇನ್ನು ಒತ್ತಕ್ಷರ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಈ ಒಂದು ವಿಷಯಕ್ಕೆ ನಾನು ಕಳೆದಷ್ಟು ರಾತ್ರಿ ಬೇರೆ ಯಾವುದಕ್ಕೂ ಕಳೆದಿಲ್ಲ. ನಿಮ್ಮ ಅಂಗಡಿಯ ಬೋರ್ಡಿನಲ್ಲಿ 'ವಸ್ತ್ರ' ಅಂತ ಇದೆ ಅಂದುಕೊಳ್ಳಿ. ಕಂಪ್ಯೂಟರಿನೊಳಗೆ ಅದು ವ, ಸ, ಹಲಂತ, ತ, ಹಲಂತ, ರ ಅಂತ ಆರು ಸಂಕೇತ. ಸ ಕೆಳಗೆ ತ ಒತ್ತು, ಅದರ ಪಕ್ಕ ರ ಒತ್ತು ಕೂರಿಸುವ ನಿಯಮ ಫಾಂಟಿನ ಒಳಗೆ ಇರುತ್ತದೆ. ಆ ನಿಯಮ ಓದಿ ಕೂರಿಸುವವನು ಒಬ್ಬ ಬೇಕು. ಎಷ್ಟೋ ಪಿಡಿಎಫ್ ಲೈಬ್ರರಿಗಳು ಇಂಗ್ಲಿಷಿನಂತೆ ಒಂದಾದ ಮೇಲೊಂದು ಅಕ್ಷರ ಇಟ್ಟುಕೊಂಡು ಹೋಗುತ್ತವೆ. ಆಗ 'ವಸ್‌ತ್‌ರ' ಅಂತ ಬರುತ್ತದೆ. 'ಕರ್ನಾಟಕ'ದ ಅರ್ಕಾವತ್ತು ಇನ್ನೂ ಕಷ್ಟ. ಅಲ್ಲಿ ಮೊದಲು ಟೈಪ್ ಮಾಡಿದ ರ, ಕಾಗದದ ಮೇಲೆ ನಾ ಆದ ಮೇಲೆ ಬರಬೇಕು.

ಅದಕ್ಕೆ ಪಿಡಿಎಫ್ ಲೈಬ್ರರಿ ಆರಿಸುವಾಗ ನಾನು ಮೂರೇ ಪದ ಇಟ್ಟುಕೊಂಡಿದ್ದೇನೆ: ವಸ್ತ್ರ, ಕರ್ನಾಟಕ, ಶ್ರೀ. ಮೂರೂ ಸರಿ ಬಂದರೆ ಮುಂದಿನ ಮಾತು. ಇಲ್ಲದಿದ್ದರೆ ಅದು ಎಷ್ಟೇ ಹೆಸರುವಾಸಿ ಇರಲಿ, ನನಗೆ ಬೇಡ.

ನಿಮಗೆ ನನ್ನ ಸಲಹೆ: ಲೈಬ್ರರಿ ಹುಡುಕುವುದನ್ನೇ ಬಿಡಿ. ಬಿಲ್ಲನ್ನು ಎಚ್‌ಟಿಎಂಎಲ್ ಆಗಿ ಬರೆಯಿರಿ, ಯುಟಿಎಫ್-8ನಲ್ಲಿ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಇಡಿ. ಕ್ರೋಮ್‌ನಲ್ಲಿ ತೆರೆದು ಪಿಡಿಎಫ್ ಅಂತ ಪ್ರಿಂಟ್ ಕೊಡಿ. ಒತ್ತಕ್ಷರ ಕೂರಿಸುವ ವಿದ್ಯೆ ಬ್ರೌಸರಿಗೆ ಚೆನ್ನಾಗಿ ಗೊತ್ತಿದೆ. ಕ್ರೋಮನ್ನು ಪರದೆ ಇಲ್ಲದೆ ಓಡಿಸಿ ಪಿಡಿಎಫ್ ಮಾಡಿಸುವ ಆಯ್ಕೆಯೂ ಇದೆ, ಜಾವಾದ 'ಪ್ರೊಸೆಸ್‌ಬಿಲ್ಡರ್'ನಿಂದ ಅದನ್ನು ಕರೆಯಬಹುದು. ಪಿಡಿಎಫ್ ಬೇಡ, ಕಾಗದಕ್ಕೆ ಬಂದರೆ ಸಾಕು ಅಂದರೆ ಇನ್ನೂ ಸುಲಭ. ಜಾವಾ 9ರಿಂದ ಅದರ ಸ್ವಂತ ಚಿತ್ರ ಬಿಡಿಸುವ ಭಾಗಕ್ಕೆ ಹಾರ್ಫ್‌ಬಜ್ ಅನ್ನುವ ಅಕ್ಷರ ಜೋಡಣೆಯ ಎಂಜಿನ್ ಹಾಕಿದ್ದಾರೆ. ಅಲ್ಲಿಂದಲೇ ಪ್ರಿಂಟರಿಗೆ ಕಳಿಸಿ.

ಇದೆಲ್ಲ ಬಿಟ್ಟು ಐಟೆಕ್ಸ್ಟ್ ಅನ್ನುವ ಪಿಡಿಎಫ್ ಲೈಬ್ರರಿಯ ಕಡೆ ಹೋಗುವುದಾದರೆ ಲೈಸೆನ್ಸ್ ಓದಿ. ಐದನೇ ವರ್ಷನ್‌ನಿಂದ ಅದು ಎಜಿಪಿಎಲ್ ಅನ್ನುವ ಲೈಸೆನ್ಸಿನ ಕೆಳಗೆ. ನಿಮ್ಮ ಅಂಗಡಿಯೊಳಗೇ ಬಳಸಿಕೊಳ್ಳುವುದು ಬೇರೆ. ನಾಳೆ ಅದೇ ಪ್ರೋಗ್ರಾಮನ್ನು ಪಕ್ಕದ ಅಂಗಡಿಗೆ ಮಾರಿದರೆ, ಒಂದೋ ನಿಮ್ಮ ಕೋಡನ್ನೂ ಕೊಡಬೇಕು, ಇಲ್ಲವೇ ಅವರಿಂದ ದುಡ್ಡಿನ ಲೈಸೆನ್ಸ್ ತಗೋಬೇಕು.

ಪ್ರಶ್ನೆ: ವಿಡಿಯೋ ನೋಡಿ ಸರ್ವ್ಲೆಟ್ ಬರೆದೆ. ಅದರಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಬರೆದಿದ್ದೇನೆ. 'ಜಾವಾಎಕ್ಸ್.ಸರ್ವ್ಲೆಟ್' ಎಂಬ ಪ್ಯಾಕೇಜೇ ಇಲ್ಲ ಎನ್ನುತ್ತದೆ. ನನ್ನ ಬಳಿ ಟಾಮ್‌ಕ್ಯಾಟ್ 10 ಇದೆ. ಇನ್ನೊಂದು, ಮನೆಯಲ್ಲಿ ಓಡುವ ಪ್ರೋಗ್ರಾಮ್ ಲ್ಯಾಬಿನಲ್ಲಿ 'ಕ್ಲಾಸ್ ಫೈಲ್ ವರ್ಷನ್ 61.0' ಎಂದು ನಿಲ್ಲುತ್ತದೆ.
(ಎಂಸಿಎ ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ತಂಗೀ, ವಿಡಿಯೋ ಹಳೆಯದು, ಸರ್ವ್ಲೆಟ್ ಅನ್ನುವ ವೆಬ್ ಪ್ರೋಗ್ರಾಮುಗಳನ್ನು ಓಡಿಸುವ ಟಾಮ್‌ಕ್ಯಾಟ್ ಹೊಸದು. ಜಾವಾದ ಎಂಟರ್‌ಪ್ರೈಸ್ ಭಾಗವನ್ನು ಒರಾಕಲ್ ಕಂಪನಿ ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತು. 'ಜಾವಾ' ಅನ್ನುವ ಹೆಸರು ಮಾತ್ರ ಕೊಡಲಿಲ್ಲ. ಹಾಗಾಗಿ ಆ ಭಾಗ ಜಕಾರ್ತಾ ಇಇ ಆಯಿತು, 2020ರಲ್ಲಿ ಬಂದ ಅದರ 9ನೇ ವರ್ಷನ್‌ನಲ್ಲಿ ಪ್ಯಾಕೇಜುಗಳ ಹೆಸರೇ ಬದಲಾಯಿತು. ಟಾಮ್‌ಕ್ಯಾಟ್ 9ರ ತನಕ 'ಜಾವಾಎಕ್ಸ್.ಸರ್ವ್ಲೆಟ್', 10ರಿಂದ 'ಜಕಾರ್ತಾ.ಸರ್ವ್ಲೆಟ್'. ನೀನು ಬೇರೆ ಲೈಬ್ರರಿ ಹುಡುಕಬೇಕಿಲ್ಲ. ಒಂದೋ ಇಂಪೋರ್ಟ್ ಸಾಲುಗಳನ್ನು ಬದಲಿಸು, ಇಲ್ಲವೇ ವಿಡಿಯೋ ಮುಗಿಯುವ ತನಕ ಟಾಮ್‌ಕ್ಯಾಟ್ 9 ಇಟ್ಟುಕೋ. ಕಲಿಯುವಾಗ ನಾನು ಎರಡನೆಯದನ್ನೇ ಹೇಳುತ್ತೇನೆ. ಅರ್ಧ ವಿಡಿಯೋದಲ್ಲಿ ಹೆಸರು ಬದಲಿಸುತ್ತ ಕೂತರೆ ಪಾಠ ತಲೆಗೆ ಹತ್ತುವುದಿಲ್ಲ.

ಒಂದು ಎಚ್ಚರ. ಎಲ್ಲ 'ಜಾವಾಎಕ್ಸ್' ಅನ್ನೂ ಒಂದೇ ಏಟಿಗೆ 'ಜಕಾರ್ತಾ' ಮಾಡಬೇಡ. 'ಜಾವಾಎಕ್ಸ್.ಸ್ವಿಂಗ್', 'ಜಾವಾಎಕ್ಸ್.ಎಸ್‌ಕ್ಯುಎಲ್' ಜಾವಾದ ಒಳಗಿನವು, ಅವುಗಳ ಹೆಸರು ಹಾಗೇ ಇದೆ. ನನ್ನ ಹತ್ತಿರ ಕಲಿಯಲು ಬರುತ್ತಿದ್ದ ಹುಡುಗನೊಬ್ಬ ಹೀಗೆ ಮಾಡಿ, ಸ್ವಿಂಗ್‌ನ ಕಿಟಕಿಗಳೆಲ್ಲ ಮಾಯವಾಗಿ ಎರಡು ದಿನ ತಲೆ ಕೆರೆದುಕೊಂಡ.

61.0ಕ್ಕೆ ಸುಲಭದ ಲೆಕ್ಕ: 44 ಕಳೆ. 61ರಲ್ಲಿ 44 ಹೋದರೆ 17. ನೀನು ಮನೆಯಲ್ಲಿ ಜಾವಾ 17ರಿಂದ ಕಂಪೈಲ್ ಮಾಡಿದ್ದೀಯಾ. ಅದೇ ಎರರ್‌ನಲ್ಲಿ ಲ್ಯಾಬಿನದು ಎಷ್ಟರವರೆಗೆ ಓದುತ್ತದೆ ಅಂತಲೂ ಇರುತ್ತದೆ. 52.0 ಅಂತಿದ್ದರೆ ಅದು ಜಾವಾ 8. ಲೈಬ್ರರಿಗಳಿಗೂ ಇದೇ ಲೆಕ್ಕ. ವೆಬ್ ಪ್ರೋಗ್ರಾಮಿಗೆ ಬಳಸುವ ಸ್ಪ್ರಿಂಗ್ ಬೂಟ್ 3ಕ್ಕೆ ಕಡಿಮೆ ಅಂದರೂ ಜಾವಾ 17 ಬೇಕು. ಲ್ಯಾಬಿನಲ್ಲಿ 8 ಇದ್ದರೆ ಅದನ್ನು ಪ್ರಾಜೆಕ್ಟಿಗೆ ಆರಿಸುವ ಮುಂಚೆ ಲ್ಯಾಬಿನ ಸರ್ ಹತ್ತಿರ ಮಾತಾಡು.

ಪ್ರಶ್ನೆ: ಸಂಘದ ಸಾಲದ ಕಂತುಗಳ ತಾರೀಖು ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ನನ್ನ ಬಳಿಯ ಪುಸ್ತಕದಲ್ಲಿ ಜೋಡಾ ಟೈಮ್ ಲೈಬ್ರರಿ ಹಾಕಿಕೊಳ್ಳಿ ಎಂದಿದೆ. ಯಾವ ವರ್ಷನ್ ಒಳ್ಳೆಯದು?
(ಇಳಕಲ್)

ಉತ್ತರ: ಯಾವುದೂ ಬೇಡ. ಮನೆಯಲ್ಲೇ ಇದೆ. 2014ರ ಮಾರ್ಚ್‌ನಲ್ಲಿ ಬಂದ ಜಾವಾ 8ರ ಒಳಗೆ ತಾರೀಖಿನ ಲೆಕ್ಕಕ್ಕೆ 'ಜಾವಾ.ಟೈಮ್' ಸೇರಿಸಿದರು. ಜೋಡಾ ಟೈಮ್ ಕಟ್ಟಿದ ಸ್ಟೀಫನ್ ಕೋಲ್‌ಬೋರ್ನ್ ಅವರೇ ಆ ಕೆಲಸದ ಮುಂದಾಳು. ಈಗ ಜೋಡಾದ ಪುಟದಲ್ಲೇ "ಅದಕ್ಕೆ ಹೋಗಿ" ಅಂತ ಕೇಳಿಕೊಂಡಿದ್ದಾರೆ.

ನೀವು ತಾರೀಖಿನ ಬಗ್ಗೆ ಕೇಳಿದಿರಿ, ನನ್ನ ಹಳೆಯ ಗಾಯ ನೆನಪಾಯಿತು. 2012ರಲ್ಲಿ ಒಂದು ಪತ್ತಿನ ಸಂಘಕ್ಕೆ ನೋಟಿಸ್ ಅಚ್ಚು ಮಾಡುವ ಪ್ರೋಗ್ರಾಮ್ ಕೊಟ್ಟೆ. ಹಳೆಯ 'ಕ್ಯಾಲೆಂಡರ್' ಕ್ಲಾಸಿಗೆ 2012, 3, 31 ಅಂತ ಕೊಟ್ಟೆ. ಮಾರ್ಚ್ 31 ಅನ್ನುವುದು ನನ್ನ ಲೆಕ್ಕ. ಅದು ತಿಂಗಳನ್ನು 0ಯಿಂದ ಎಣಿಸುತ್ತದೆ, ಹಾಗಾಗಿ 3 ಅಂದರೆ ಏಪ್ರಿಲ್. ಏಪ್ರಿಲ್‌ಗೆ 31 ಇಲ್ಲವಲ್ಲ. ಪುಣ್ಯಾತ್ಮ ಸುಮ್ನೆ ಒಂದು ದಿನ ಮುಂದೆ ಹೋಗಿ ಮೇ 1 ಅಂತ ಅಚ್ಚು ಹಾಕಿದ. ಸಾಲಗಾರರೆಲ್ಲ ಖುಷಿ. ಸಂಘದ ಕಾರ್ಯದರ್ಶಿಗೆ ಮಾತ್ರ ಖುಷಿ ಆಗಲಿಲ್ಲ.

ಜಾವಾ.ಟೈಮ್ ಒಳಗಿನ 'ಲೋಕಲ್‌ಡೇಟ್'ನಲ್ಲಿ 3 ಅಂದರೆ ಮಾರ್ಚ್. ಏಪ್ರಿಲ್ 31 ಕೊಟ್ಟರೆ ಎಕ್ಸೆಪ್ಷನ್ ಎಸೆದು ನಿಲ್ಲುತ್ತದೆ. ಕಂತಿಗೆ 'ಪ್ಲಸ್‌ಮಂತ್ಸ್' ಇದೆ. ಅದರಲ್ಲಿ ಒಂದು ಸೂಕ್ಷ್ಮ ನೋಡಿಕೊಳ್ಳಿ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರುವರಿ 28 (ಅಧಿಕ ವರ್ಷದಲ್ಲಿ 29) ಬರುತ್ತದೆ, ಅದು ಸರಿ. ಆ 28ಕ್ಕೆ ಮತ್ತೆ ಒಂದು ತಿಂಗಳು ಕೂಡಿಸಿದರೆ ಮಾರ್ಚ್ 28 ಆಗುತ್ತದೆ, 31 ಅಲ್ಲ. ಅಲ್ಲಿಂದ ಮುಂದೆ ಎಲ್ಲ ಕಂತೂ 28ಕ್ಕೇ. ಅದಕ್ಕೆ ಹಿಂದಿನ ಕಂತಿಗೆ ಕೂಡಿಸಬೇಡಿ. ಸಾಲ ಕೊಟ್ಟ ಮೊದಲ ತಾರೀಖಿಗೇ 1, 2, 3 ತಿಂಗಳು ಅಂತ ಕೂಡಿಸುತ್ತ ಹೋಗಿ.

ಲೈಬ್ರರಿ ಹುಡುಕಲು ಹೊರಡುವ ಮುಂಚೆ ಜಾವಾದ ಕಪಾಟು ತೆಗೆದು ನೋಡುವುದು ಒಳ್ಳೆಯದು. ವೆಬ್‌ನಿಂದ ಏನಾದರೂ ತರಲು 'ಎಚ್‌ಟಿಟಿಪಿ ಕ್ಲೈಂಟ್' 2018ರ ಜಾವಾ 11ರಿಂದ ಒಳಗೇ ಇದೆ. ಇಡೀ ಫೈಲನ್ನು ಒಂದೇ ಸಾಲಿನಲ್ಲಿ ಓದುವುದೂ ಇದೆ. ಪ್ರೋಗ್ರಾಮುಗಳು ಮಾಹಿತಿ ಕಳಿಸಿಕೊಳ್ಳುವ ಜೇಸನ್ ಅನ್ನುವ ಬಗೆಯನ್ನು ಓದುವುದು ಮಾತ್ರ ಇಲ್ಲ, ಅದಕ್ಕೆ ಜ್ಯಾಕ್ಸನ್ ಅಥವಾ ಜೀಸನ್ ತರಬೇಕು.

ಪ್ರಶ್ನೆ: ನನ್ನ ಮಗಳು ಜಾವಾ ಕಲಿಯುತ್ತಿದ್ದಾಳೆ. ಒಂದು ಕ್ಲಾಸಿನವರು 20 ಲೈಬ್ರರಿ ಕಲಿಸುತ್ತೇವೆ ಎಂದು ಜಾಸ್ತಿ ಫೀ ಕೇಳುತ್ತಿದ್ದಾರೆ. ನನಗೆ ಕಂಪ್ಯೂಟರ್ ತಿಳಿಯದು. ಜಾರ್ ಎಂದರೆ ಮಿಕ್ಸರಿನದೇ ಎಂದುಕೊಂಡಿದ್ದೆ. ಕೊಡಬೇಕೋ ಬೇಡವೋ?
(ಗೋಕಾಕ)

ಉತ್ತರ: ನಮ್ಮವ್ವನೂ ಹಾಗೇ ಅಂದುಕೊಂಡಿದ್ದಳು, ಅಕ್ಕಾರ. "ಅಷ್ಟು ಜಾರ್ ಎಲ್ಲಿ ಇಡತೀ?" ಅಂತ ಕೇಳಿದ್ದಳು.

20ರ ಲೆಕ್ಕಕ್ಕೆ ದುಡ್ಡು ಕೊಡಬೇಡಿ. ಮೊದಲ ವರ್ಷಕ್ಕೆ ನಾಲ್ಕು ಸಾಕು. ಪಟ್ಟಿ, ಹೆಸರಿಗೆ ಜೋಡಿಸಿದ ಮಾಹಿತಿ ಇಟ್ಟುಕೊಳ್ಳುವ ಕಲೆಕ್ಷನ್ಸ್, ಮೇಲೆ ಹೇಳಿದ ಜಾವಾ.ಟೈಮ್, ಡೇಟಾಬೇಸಿಗೆ ಜೆಡಿಬಿಸಿ. ಈ ಮೂರೂ ಜಾವಾದ ಒಳಗೇ ಇವೆ. ಡೇಟಾಬೇಸಿನ ಡ್ರೈವರ್ ಒಂದು ಮಾತ್ರ ಹೊರಗಿನಿಂದ ಬರಬೇಕು. ನಾಲ್ಕನೆಯದು ಜೆಯೂನಿಟ್. ಬರೆದ ಕೋಡ್ ಸರಿ ಇದೆಯೋ ಅಂತ ಪರೀಕ್ಷಿಸುವ ಲೈಬ್ರರಿ. 1997ರಲ್ಲಿ ಕೆಂಟ್ ಬೆಕ್, ಎರಿಕ್ ಗಾಮಾ ಅನ್ನುವ ಇಬ್ಬರು ವಿಮಾನದಲ್ಲಿ ಅಕ್ಕಪಕ್ಕ ಕೂತು ಬರೆಯಲು ಶುರು ಮಾಡಿದ್ದು ಅದು.

ಆ ಕ್ಲಾಸಿಗೆ ಹೋಗಿ ಒಂದೇ ಮಾತು ಕೇಳಿ: "ನಮ್ಮ ಹುಡುಗಿ ಜಾವಾಡಾಕ್ ತೆರೆದು ತಾನೇ ಓದೋದನ್ನ ಕಲಸ್ತೀರೇನ್ರಿ?" ಅಂತ. ಜಾವಾಡಾಕ್ ಅಂದರೆ ಲೈಬ್ರರಿಯ ಜೊತೆ ಬರುವ ಕೈಪಿಡಿ. ಹೌದು ಅಂದರೆ ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಹುಡುಗರು ಟೈಪ್ ಮಾಡುತ್ತಿದ್ದಾರೋ, ಬೋರ್ಡ್ ನೋಡಿ ಬರೆದುಕೊಳ್ಳುತ್ತಿದ್ದಾರೋ? ಬರೆದುಕೊಳ್ಳುತ್ತಿದ್ದರೆ ಎದ್ದು ಬನ್ನಿ. ಫೀ ದುಡ್ಡಿನಲ್ಲಿ ಮಗಳ ಲ್ಯಾಪ್‌ಟಾಪಿಗೆ ರ್‍ಯಾಮ್ ಹಾಕಿಸಿ.